ನಿಮ್ಮವ್ವನ ಹೆಸರಿಗೆ ಹಚ್ಚಿದ ಲಿಂ.

ಕುಷ್ಟಗಿ
ಭಾನುವಾರ, ೯ ನವೆಂಬರ್ ೨೦೨೫

ನನ್ನವ್ವಾ ಅಮರಮ್ಮ,

ಅಪ್ಪನ ಆಶೀರ್ವಾದ ನಿನಗೂ ಅಳಿಯಂದಿರಿಗೂ ಇರಲಿ. ನಿನ್ನ ಕೆಮ್ಮು ಹೇಗಿದೆ? ಕಾರವಾರದ ಹಸಿಗಾಳಿ ನಮ್ಮ ಒಣಸೀಮೆಯ ಎದೆಗೆ ಒಗ್ಗುವುದಿಲ್ಲ. ಬಿಸಿನೀರಿಗೆ ಅರಿಷಿಣ ಹಾಕಿ ಕುಡಿ. ಉಮಾಪತಿಯವರ ಮೊಣಕಾಲು ನೋವು ಇಳಿಯಿತೇ? ನಾನು ಆರಾಮ. ಬಿ.ಪಿ. ಗುಳಿಗೆ ತಪ್ಪಿಸಿಲ್ಲ. ರೊಟ್ಟಿ ಖಾನಾವಳಿಯಿಂದ ಬರುತ್ತದೆ, ಪಲ್ಯ ನಾನೇ ಮಾಡಿಕೊಳ್ಳುತ್ತೇನೆ. ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ನನ್ನ ಪುಂಡಿಪಲ್ಯ ನಿಮ್ಮವ್ವನದರಷ್ಟೇ ಛಲೋ ಆಗುತ್ತದೆ ಎಂದು ಬರೆಯಬೇಕೆಂದಿದ್ದೆ. ಸುಳ್ಳು ಬರೆಯಲು ಕೈ ಬರಲಿಲ್ಲ.

ಫೋನಿದ್ದೂ ಪತ್ರವೇಕೆ ಅಂದರೆ, ನಿಮ್ಮವ್ವನ ಮಾತು ಬಂದ ಕೂಡಲೇ ನೀನು "ಅಪ್ಪಾ, ಕುಕ್ಕರ್ ಸೀಟಿ ಹೊಡಿಯಾಕತ್ತೈತಿ, ಆಮ್ಯಾಲೆ ಹಚ್ತೀನಿ" ಎಂದು ಫೋನ್ ಇಟ್ಟುಬಿಡುತ್ತೀ. ಪತ್ರಕ್ಕೆ ಕುಕ್ಕರಿನ ಕಾಟವಿಲ್ಲ. ಪೂರ್ತಿ ಓದು.

ಕಂಪ್ಯೂಟರಿನ ಸುದ್ದಿ ಇದೆ. ಹಳೆಯ ವಿಂಡೋಸಿಗೆ ಇನ್ನು ಮುಂದೆ ರಿಪೇರಿ ಇಲ್ಲವಂತೆ, ಹೊಸದು ನಮ್ಮ ಮುದಿ ಯಂತ್ರಕ್ಕೆ ಏರುವುದಿಲ್ಲವಂತೆ. ನೀನು "ಗುಜರಿಗೆ ಹಾಕ್ರಿ" ಅಂದಿದ್ದೆ. ವಯಸ್ಸು ನೋಡಿ ಗುಜರಿಗೆ ಹಾಕುವುದಾದರೆ ಮೊದಲ ಪಾಳಿ ನನ್ನದು, ಮಗಳೇ. ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದಾನಲ್ಲ ನಜೀಬ, ತಾಜಬೀಯ ಮಗ, ನಿನ್ನ ಜೊತೆ ಶಾಲೆ ಕಲಿತವನು, ಅವನು ಲಿನಕ್ಸ್ ಹಾಕಿಕೊಟ್ಟ. ನಾನು ಹಾಕಿದ ಶರತ್ತು ಒಂದೇ: ನಿಮ್ಮವ್ವನ ಪದಗಳು ಮೊದಲಿನಂತೆಯೇ ಜನಕ್ಕೆ ಹಂಚಿಕೆಯಾಗುತ್ತಿರಬೇಕು.

ಪದಗಳೆಂದರೆ, ಅಂಗನವಾಡಿ ನೌಕರಿಯ ಮೇಲೆ ತಳಕಲ್, ಹಿಟ್ನಾಳ, ಸಿದ್ದಾಪುರ ಎಂದು ತಿರುಗುವಾಗ ಅವಳು ಹೆಣ್ಣುಮಕ್ಕಳ ಬಾಯಿಂದ ರೆಕಾರ್ಡ್ ಮಾಡಿ ಕೂಡಿಸಿದ ಬೀಸುವ ಪದ, ತೊಟ್ಟಿಲ ಪದ, ತಾಜಬೀ ಹಾಡಿದ ಮೊಹರಂ ಪದ, ನಡುನಡುವೆ ಅವಳದೇ ದನಿ ಮತ್ತು ನಗು. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಹಂಚಲೇನು ಎಂದು ನಿಮ್ಮವ್ವ ಕೇಳಿದಾಗ ತಾಜಬೀ "ಗಂಟು ಕಟ್ಟಿ ಇಡಾಕ ಅದೇನು ಜ್ವಾಳೇನ್ರೀ ಅಕ್ಕಾರ?" ಎಂದು ನಕ್ಕಿದ್ದಳು. ಹಾಗಾಗಿ ನಜೀಬ ಅವನ್ನೆಲ್ಲ ಒಂದು ಟೊರೆಂಟ್ ಮಾಡಿದ. ಟೊರೆಂಟ್ ಅಂದರೆ ಮೊಸರಿನ ಹೆಪ್ಪಿದ್ದ ಹಾಗೆ. ಒಯ್ದವರು ತಮ್ಮಲ್ಲಿಟ್ಟುಕೊಂಡು ಮುಂದೆ ಕೇಳಿದವರಿಗೆ ಕೊಡುತ್ತಾರೆ. ಒಂದು ಮನೆಯಲ್ಲಿ ತೀರಿದರೆ ಇನ್ನೊಂದರಲ್ಲಿ ಸಿಗುತ್ತದೆ. ಆದರೆ ಒಯ್ದವರೆಲ್ಲ ಕೇಳಿ ಮುಗಿಸಿ ಕದ ಹಾಕಿಕೊಂಡರು. ಈಗ ಪೂರ್ತಿ ಇರುವುದು ಇಡೀ ಲೋಕದಲ್ಲಿ ನಮ್ಮ ಮನೆಯಲ್ಲಿ ಮಾತ್ರ. ಯಾವ ದೇಶದವನೋ ಒಬ್ಬ ಮುಕ್ಕಾಲು ಪಾಲು ಪಡೆದು, ಉಳಿದದ್ದಕ್ಕೆ ಕಾಯುತ್ತಿದ್ದಾಗಲೇ ಯಂತ್ರ ಅಂಗಡಿಗೆ ಹೋಯಿತು.

ಪದಗಳು ಬೇರೆ ಡ್ರೈವಿನಲ್ಲಿದ್ದದ್ದರಿಂದ ಒಂದಕ್ಕೂ ಧಕ್ಕೆಯಾಗಲಿಲ್ಲ. ಲಿನಕ್ಸ್ ಬಂದ ಮೇಲೆ ಹಳೆಯ ಟೊರೆಂಟ್ ಫೈಲನ್ನೇ ಕೊಟ್ಟು, ಪದಗಳಿರುವ ಜಾಗ ತೋರಿಸಿ, ಪರೀಕ್ಷೆ ಮಾಡು ಎಂದೆವು. ತಡಕಾಡಿ ಸೊನ್ನೆ ಎಂದಿತು. ನಿಮ್ಮಲ್ಲಿ ಏನೂ ಇಲ್ಲ, ಮೊದಲಿನಿಂದ ಇಳಿಸಿಕೊಳ್ಳಿ ಅಂತ! ಸ್ಪೀಕರಿನಲ್ಲಿ ನಿಮ್ಮವ್ವ ಹಾಡುತ್ತಿದ್ದಾಳೆ, ಪರದೆಯ ಮೇಲೆ ಮಾತ್ರ ಇಲ್ಲ. ನಜೀಬ "ಕಾಕಾ, ಮತ್ತ ಇಳಿಸ್ಕೊಳ್ಳೋಣೇನ್ರಿ?" ಎಂದ. "ಯಾರ ಕಡಿಂದಪಾ? ಕೊಡಾಂವ ನಾನ ಅದೀನಿ, ನನ್ನ ಕಡಿಂದ ನಾನ ಇಸಗೊಳ್ಲೇನು?" ಎಂದೆ. ಅವನೂ ನಕ್ಕುಬಿಟ್ಟ. "ಹಂಗಾರ ಹೊಸಾ ಟೊರೆಂಟ್ ಮಾಡೂಣ್ರಿ" ಎಂದ. ಅದು ಆಗದ ಮಾತು. ಹೊಸದು ಮಾಡಿದರೆ ಹಳೆಯದರ ಬಾಗಿಲಲ್ಲಿ ಕಾದು ಕುಳಿತವನಿಗೆ ಗೊತ್ತಾಗುವುದು ಹೇಗೆ? ವೇರ್ ದೇರ್ ಈಸ್ ಎ ವಿಲ್... ಮುಂದೇನೋ ಇದೆ, ಕಾಲೇಜಿನಲ್ಲಿ ಬಾಯಿಪಾಠವಿತ್ತು, ಈಗ ವಿಲ್ ಒಂದೇ ಉಳಿದಿದೆ. ಇದು ಸರಿಯಾಗದೆ ಏಳುವುದಿಲ್ಲ ಎಂದು ಕುರ್ಚಿ ಎಳೆದುಕೊಂಡು ಕುಳಿತೆ.

ಆಗ ಕಣ್ಣಿಗೆ ಬಿತ್ತು. ಯಂತ್ರ ಹುಡುಕುತ್ತಿದ್ದ ಹೆಸರು "ಶರಣಬಸಮ್ಮ". ನಮ್ಮ ಫೋಲ್ಡರಿನ ಹೆಸರು "ಲಿಂ. ಶರಣಬಸಮ್ಮ". ನನ್ನದೇ ಕೆಲಸ. ಅಂಗಡಿಗೆ ಒಯ್ಯುವ ಮುನ್ನ ಎಲ್ಲ ಒಪ್ಪ ಮಾಡುವಾಗ, ಲಿಂಗೈಕ್ಯಳಾದವಳ ಹೆಸರನ್ನು ಬರಿದಾಗಿ ಬಿಡಬಾರದೆಂದು ಫೋಲ್ಡರಿಗೂ ಒಳಗಿನ ಪ್ರತಿ ಪದಕ್ಕೂ ಲಿಂ. ಹಚ್ಚಿದ್ದೆ. ಹೊಸ ಮನೆಯ ಶಾಂತಿಯ ಕಾರ್ಡಿನಲ್ಲಿ ನಿಮ್ಮ ಅಜ್ಜನ ಹೆಸರಿಗೆ ಲಿಂ. ಹಾಕುವುದು ಮರೆತಾಗ ನಿಮ್ಮವ್ವ "ಹಂಗಾರ ನಮ್ಮಪ್ಪ ಊಟಕ್ಕ ಬರ್ತಾನ, ಒಂದು ತಾಟು ಜಾಸ್ತಿ ಇಡ್ರಿ" ಎಂದು ಚುಚ್ಚಿದ್ದು ನಿನಗೂ ಗೊತ್ತಲ್ಲ. ಆ ಅಂಜಿಕೆ ಇನ್ನೂ ಹೋಗಿಲ್ಲ.

ಈ ಟೊರೆಂಟ್ ಅವಳು ಇದ್ದಾಗ ಮಾಡಿದ್ದು, ಆಗಿನ ಹೆಸರಿನಿಂದಲೇ ಹುಡುಕುತ್ತದೆ. ಅವಳು ಹೋದದ್ದು ಅದಕ್ಕೆ ಗೊತ್ತಿಲ್ಲ, ಹೇಳಿದರೆ ಒಪ್ಪುವುದೂ ಇಲ್ಲ. "ತಗದಬಿಡ್ರಿ ಕಾಕಾ, ಒಂದಕ್ಷರ ಐತಿ" ಎಂದ ನಜೀಬ. ಅವನಿಗೆ ಅಕ್ಷರ. ನಾನು ಅದನ್ನು ಹಚ್ಚಲು ಎಷ್ಟು ಗಟ್ಟಿಯಾಗಬೇಕಾಯಿತು ಎಂದು ಅವನಿಗೆ ಹೇಗೆ ಹೇಳಲಿ? ಎಲ್ಲ ಲಿಂ.ಗಳನ್ನೂ ಒಮ್ಮೆಲೇ ಅಳಿಸುವ ಉಪಾಯವಿದೆ ಎಂದ. ಬೇಡ, ಹಚ್ಚಿದ ಕೈಯೇ ತೆಗೆಯಲಿ ಎಂದು ಒಂದೊಂದಾಗಿ ಅಳಿಸಿದೆ. ಮತ್ತೆ ಪರೀಕ್ಷೆಗೆ ಹಚ್ಚಿದೆವು. ಹಸಿರು ಪಟ್ಟಿ ತುಸುತುಸುವೇ ಸರಿದು ನೂರು ಮುಟ್ಟಿತು. ತುಸು ಹೊತ್ತಿಗೆ ಆ ಮುಕ್ಕಾಲಿನವನು ಬಂದು ಎಳೆದುಕೊಳ್ಳತೊಡಗಿದ. ಇನ್ನೂ ಕಾಯುತ್ತಲೇ ಇದ್ದ ಮಹಾರಾಯ! ನಜೀಬ "ಈಗರ ಚಾ ತರಸ್ರಿ" ಎಂದ. ಮಿರ್ಚಿ ಭಜಿಯನ್ನೂ ತರಿಸಿದೆ.

ಇನ್ನು ಇದನ್ನು ನಿಲ್ಲಿಸುವ ಮಾತಿಲ್ಲ. ಕರೆಂಟ್ ಹೋಗಿ ಬಂದರೆ ತಾನೇ ಎದ್ದು ಹಂಚಲು ಶುರು ಮಾಡುವಂತೆ ನಜೀಬ ಕೂಡಿಸಿದ್ದಾನೆ. ಉಮಾಪತಿಯವರಿಗೆ ಶರಣು ಹೇಳು. ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ
ವಿರುಪಾಕ್ಷಪ್ಪ

ತಾ.ಕ.: ಜೊತೆಗೆ ಕಳಿಸಿದ ಶೇಂಗಾ ಚಟ್ನಿ ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೆನ್ ಡ್ರೈವ್ ಇದೆ, ಚಮಚ ಜೋಪಾನ. ಪದಗಳೂ ಟೊರೆಂಟ್ ಫೈಲೂ ಅದರಲ್ಲಿವೆ. ಯಂತ್ರಕ್ಕೂ ನನಗೂ ವಯಸ್ಸಾಯಿತು, ಎರಡನೆಯ ಮನೆ ಬೇಕೇ ಬೇಕು, ಅದು ನಿನ್ನದೇ ಆಗಬೇಕು. ಲ್ಯಾಪ್‌ಟಾಪಿಗೆ ಹಾಕಿ ಹಂಚಲು ಬಿಡು. ಹೇಗೆಂದು ನಜೀಬ ಫೋನಿನಲ್ಲಿ ಹೇಳುತ್ತಾನೆ. ಅವ್ವನ ದನಿ ಕೇಳಲು ನಿನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತು. ಕೇಳಬೇಡ. ಹಂಚಬೇಕಾದರೆ ಕೇಳಲೇಬೇಕೆಂದೇನಿಲ್ಲ. ಸದ್ದು ಪೂರ್ತಿ ಬಂದ್ ಮಾಡಿ ಮೂಲೆಯಲ್ಲಿಡು. ಯಂತ್ರ ಬಂದ್ ಮಾಡಬೇಡ.