ಅಪ್ಪನ ಚೀಲದ ತೂಕ

ಸೆಪ್ಟೆಂಬರ್ 27, ಶನಿವಾರ

ಮತ್ತೆ ಅಡುಗೆಮನೆಯ ತಕ್ಕಡಿ ಮುಂದೆ. ಚಮಚ ತೂಗಿದೆ, ಸ್ಟೌ ತೂಗಿದೆ, ಬೆಂಕಿಪೆಟ್ಟಿಗೆ ಕೂಡ. ಅಪ್ಪ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಟ್ವೈಲಾ, ಹಲ್ಲೂ ಕಿತ್ತಿಟ್ಟು ಹೋಗು. ಇನ್ನಷ್ಟು ಹಗುರ ಆಗುತ್ತೆ."

ನಗು ಬರಲಿಲ್ಲ. ಏಪ್ರಿಲ್‌ನಲ್ಲಿ ಹೇಸರಗತ್ತೆಗಳನ್ನು ಮಾರಿದವನು ಇವನೇ. ನಲವತ್ತು ವರ್ಷ ಅವುಗಳ ಮೇಲೆ ಕ್ಯಾನ್ವಾಸ್ ಡೇರೆ, ತಗಡಿನ ಒಲೆ, ಮಡಚುವ ಕುರ್ಚಿ ಎಲ್ಲ ಹೇರಿಕೊಂಡು ಬೆಟ್ಟ ಹತ್ತಿದವನು. ಈಗ ಬೆನ್ನು ನಮ್ಮದು. ಆರು ಮೈಲಿ, ಬರೀ ಏರು. ಬೇಟೆಗೆ ಗಂಡು ಎಲ್ಕ್, ಆ ದೊಡ್ಡ ಕಾಡುಜಿಂಕೆ, ಬಿದ್ದರೆ ಮಾಂಸವೇ ಇನ್ನೂರು ಪೌಂಡ್ ಮೀರುತ್ತದೆ. ಅದನ್ನೂ ಹೊತ್ತು ಇಳಿಸಬೇಕು. ಹತ್ತುವಾಗ ಒಂದೊಂದು ಔನ್ಸೂ ಲೆಕ್ಕಕ್ಕೆ ಬರುತ್ತದೆ ಎಂದು ಎಷ್ಟು ಸಲ ಹೇಳಲಿ... ಗೋಡೆಗೆ ಹೇಳಿದ್ದರೆ ಅದಾದರೂ ತಲೆಯಾಡಿಸುತ್ತಿತ್ತು.

ಸೆಪ್ಟೆಂಬರ್ 30

ಹೊಸ ಟೆಂಟ್ ಬಂತು. ಇಬ್ಬರಿಗೆ. ಎರಡೇ ಪೌಂಡ್. ಕಂಬದ ಬದಲು ಊರುಗೋಲನ್ನೇ ನಿಲ್ಲಿಸುವುದು. ಅಂಗಳದಲ್ಲಿ ಕಟ್ಟಿ ತೋರಿಸಿದೆ. ಅಪ್ಪ ಎರಡು ಸುತ್ತು ಹಾಕಿದ.

"ಇದು ಡೇರೆಯೋ, ಹೆಣಕ್ಕೆ ಹೊದಿಸೋ ಬಟ್ಟೆಯೋ?"

"ಒಳಗೆ ಮಲಗಿ ನೋಡು."

"ಹೆಣ ಆದಮೇಲೆ ಮಲಗ್ತೀನಿ ಬಿಡು."

ಹೃದಯದ ಡಾಕ್ಟರು ಮೇ ತಿಂಗಳಲ್ಲೇ ಹೇಳಿದ್ದಾರೆ, ಇಪ್ಪತ್ತು ಪೌಂಡಿಗಿಂತ ಹೆಚ್ಚು ಹೊರಕೂಡದು. ಅಪ್ಪನಿಗೆ ಎಪ್ಪತ್ತಾರು ವರ್ಷ. ನಾನು ಹದಿನೆಂಟೇ ಪೌಂಡ್ ಎಂದು ಕಟ್ಟಳೆ ಹಾಕಿದೆ. ಒಂದು ಪೌಂಡ್ ಹೆಚ್ಚಾದರೂ ಮನೆಯಲ್ಲೇ ಕೂರಬೇಕು. ಊಟ ಬಿಟ್ಟು ಎದ್ದುಹೋದ. ಇರಲಿ.

ಅಕ್ಟೋಬರ್ 4

ಅಪ್ಪ ಚೀಲ ಹೊತ್ತು ನೇರ ನಾನು ಕೆಲಸ ಮಾಡುವ ಪಶು ಆಸ್ಪತ್ರೆಗೇ ಬಂದ. ನಾಯಿ ತೂಗುವ ಯಂತ್ರದ ಮೇಲೆ ದಡಾರನೆ ಇಟ್ಟ. ಬ್ಯಾಂಡೇಜ್ ಹಾಕಿಸಿಕೊಂಡು ಕೂತಿದ್ದ ನಾಯಿಯೊಂದು ಬೆದರಿ ಮೇಜಿನಿಂದ ಹಾರಿತು. ಮೂವತ್ತೊಂದು ಪೌಂಡ್!

ಎಲ್ಲರೆದುರೇ ಬಿಚ್ಚಿದೆ. ಕಬ್ಬಿಣದ ಬಾಣಲೆ. ಕೊಡಲಿ. ಕಾಫಿ ಪಾತ್ರೆ. ಪೀಚ್ ಹಣ್ಣಿನ ಎರಡು ಡಬ್ಬಿ.

"ಒಣ ಊಟದ ಪೊಟ್ಟಣ ನಾನು ತರ್ತೀನಿ ಅಂದಿದ್ದೆನಲ್ಲ ಅಪ್ಪ. ಬಿಸಿನೀರು ಹುಯ್ದರೆ ಸಾಕು."

"ಅದನ್ನ ಕುದುರೆಗೆ ಹಾಕು. ಬೇಡ, ಕುದುರೆ ಏನು ಪಾಪ ಮಾಡಿದೆ."

ಬಾಣಲೆ ತೆಗೆದಿಟ್ಟೆ. ಕಸಿದುಕೊಂಡ. "ನನ್ನ ಚೀಲ ನಾನೇ ಕಟ್ಕೋತೀನಿ. ನಿನಗೆ ಹದಿನೆಂಟು ತಾನೇ ಬೇಕು?"

ಅಕ್ಟೋಬರ್ 10, ಬೆಳಿಗ್ಗೆ 5

ತೂಗಿದೆ. ಅಪ್ಪನ ಚೀಲ ಸರಿಯಾಗಿ ಹದಿನೆಂಟು. ಯಂತ್ರ ಕೆಟ್ಟಿದೆಯೇನೋ ಎಂದು ಮತ್ತೆ ತೂಗಿದೆ. ಹದಿನೆಂಟೇ. ಅಂತೂ ಮಾತು ಕೇಳಿದ. ಗೆದ್ದೆ.

ಅದೇ ದಿನ, ಸಂಜೆ

ಮೇಲಿನ ಬಯಲು ಮುಟ್ಟಲು ಏಳು ಗಂಟೆ. ನೂರು ಹೆಜ್ಜೆಗೊಮ್ಮೆ ನಿಂತ. ನಿಂತಾಗಲೆಲ್ಲ ಏನೋ ಹೆಜ್ಜೆಗುರುತು ನೋಡುವವನಂತೆ ಬಗ್ಗುತ್ತಿದ್ದ. ನೋಡದ ಹಾಗೆ ಇದ್ದೆ. ಟೆಂಟ್ ಕಟ್ಟಿದ್ದು ನಾನೇ. ಪೊಟ್ಟಣದ ಊಟವನ್ನು ಬೈಯುತ್ತಲೇ ಪೂರ್ತಿ ತಿಂದ. ಸ್ವಲ್ಪ ಹೊತ್ತು ಬೆಂಕಿ ಮುಂದೆ ಕೂತು ಬರುತ್ತೇನೆ ಅಂದ. ನನಗೆ ಕಣ್ಣು ಎಳೆಯುತ್ತಿದೆ. ನಾಳೆ.

ಅಕ್ಟೋಬರ್ 11, ಬೆಳಿಗ್ಗೆ 6.30

ಇಷ್ಟು ಬೇಗ ಬರೆಯುತ್ತಿದ್ದೇನೆ. ಸಿಟ್ಟಿಗೆ.

ಎದ್ದಾಗ ಪಕ್ಕದಲ್ಲಿ ಅಪ್ಪ ಇಲ್ಲ. ಹೊರಗೆ ಬೂದಿಯ ಮುಂದೆ ಮೊಣಕಾಲು ತಬ್ಬಿ ಕೂತಿದ್ದ. ತಂದ ಬಟ್ಟೆಯೆಲ್ಲ ಮೈಮೇಲೆ. ಟೋಪಿಯ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ತುಟಿ ನೀಲಿ.

"ನಿನ್ನ ಸ್ಲೀಪಿಂಗ್ ಬ್ಯಾಗ್ ಎಲ್ಲಿ?"

"ಮನೇಲಿದೆ."

ಚೀಲ ಸುರಿದೆ. ಬಾಣಲೆ. ಕಾಫಿ ಪಾತ್ರೆ. ಪೀಚ್ ಡಬ್ಬಿ ಎರಡು. ಹಂದಿಮಾಂಸದ ಪಟ್ಟಿ, ಆಲೂಗಡ್ಡೆ. ಹೊದಿಕೆ ಅನ್ನುವುದು ಒಂದೂ ಇಲ್ಲ. ತೂಗಿದ್ದೆನಲ್ಲ, ಬಿಚ್ಚಿ ನೋಡಲಿಲ್ಲ. ನನ್ನ ಬುದ್ಧಿಗಿಷ್ಟು.

"ನೀನು ಸಾಯ್ತಿದ್ದೆ ಅಪ್ಪ! ಬಾಣಲೆಗೋಸ್ಕರ!"

ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ಮಾತಿಗೆ ಕೊರತೆಯಿಲ್ಲ. "ಡೇರೆ ನೀನು ಹೊತ್ತೆ. ನೀರು ನೀನು ತಂದೆ. ಊಟವೂ ನಿಂದೇ. ಒಂದು ಹೊತ್ತಾದ್ರೂ ನಾನು ಬೇಯಿಸಿ ಹಾಕದೇ ಇದ್ರೆ ಇಲ್ಲಿಗೆ ಯಾಕೆ ಬಂದೆ, ಹೇಳು? ನಿನಗೆ ಹೊರೆಯಾಗೋಕಾ?"

ಅವನನ್ನು ನನ್ನ ಸ್ಲೀಪಿಂಗ್ ಬ್ಯಾಗಿನೊಳಗೆ ತಳ್ಳಿ ಜಿಪ್ ಎಳೆದೆ. ನೀರು ಕಾಯಿಸಿ ಕುಡಿಸಿದೆ. ಈಗ ನಡುಕ ಕಡಿಮೆ. ಅವನ ಉಸಿರಾಟ ಮಾತ್ರ ನನಗೆ ಸರಿ ಕಾಣುತ್ತಿಲ್ಲ.

ಅಕ್ಟೋಬರ್ 11, ಸಂಜೆ

ಬೆಳಿಗ್ಗೆ ಹತ್ತಕ್ಕೆ ಇಳಿಯಲು ಸಾಮಾನು ಕಟ್ಟುತ್ತಿದ್ದೆ. ಆಗ ಗಂಡು ಎಲ್ಕ್ ಕೂಗಿತು. ಎದುರಿನ ಇಳಿಜಾರಿನಲ್ಲಿ, ಮರಗಳಿಂದ ಹೊರಬಂದು. ಕೊಂಬಿನಲ್ಲಿ ಒಂದೊಂದು ಕಡೆ ಆರು ಕವಲು. ನೂರೆಂಬತ್ತು ಗಜ. ಪಕ್ಕೆ ಪೂರ್ತಿ ತೋರಿಸಿಕೊಂಡು ನಿಂತಿತ್ತು.

ಒಂಬತ್ತು ವರ್ಷವಾಯಿತು ನನಗೆ ಇಂಥದ್ದು ಸಿಕ್ಕಿ. ಈ ವರ್ಷದ ಒಂದೇ ಟ್ಯಾಗ್, ಒಂದು ಎಲ್ಕ್ ಹೊಡೆಯಲು ಪರವಾನಗಿ ಚೀಟಿ, ಜೇಬಿನಲ್ಲಿ. ಬಂದೂಕಿನ ಸೇಫ್ಟಿ ತೆಗೆದೆ. ಉಸಿರು ಹಿಡಿದೆ.

ಹೊಡೆದರೆ? ಸುಲಿದು ಮಾಂಸ ಬಿಡಿಸಲು ಮೂರು ಗಂಟೆ. ಒಬ್ಬಳೇ ನಾಲ್ಕು ಸಲ ಹೊರಬೇಕು. ಎರಡು ದಿನ. ಅಷ್ಟರಲ್ಲಿ ಮಧ್ಯಾಹ್ನದ ಬಿಸಿಲಿಗೆ ಅರ್ಧ ಕೆಡುತ್ತದೆ. ಅಪ್ಪನನ್ನು ಎಲ್ಲಿ ಬಿಡಲಿ? ಹೊಡೆದು ಕೊಳೆಯಲು ಬಿಡುವುದನ್ನು ಈ ಮನುಷ್ಯ ನನಗೆ ಕಲಿಸಿಲ್ಲ.

ಸೇಫ್ಟಿ ಹಾಕಿದೆ. ಅದು ಇನ್ನೂ ಸ್ವಲ್ಪ ಹೊತ್ತು ನಿಂತೇ ಇತ್ತು, ಹಾಳಾದ್ದು.

ಟೆಂಟಿನ ಬಾಯಲ್ಲಿ ಅಪ್ಪನ ತಲೆ. "ಯಾಕೆ ಹೊಡೀಲಿಲ್ಲ?"

"ಗಾಳಿ ತಿರುಗಿತು."

"ಗಾಳಿ ಎಲ್ಲಿತ್ತು?"

ಆರು ಮೈಲಿ ಇಳಿದೆವು. ಅವನ ಚೀಲವೂ ನನ್ನ ಮೇಲೆ.

(ಇದನ್ನೆಲ್ಲ ಟ್ರಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ: ಅಪ್ಪನ ಮುಖದ ಬಣ್ಣ ಮರಳಿದೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ, ಮೊದಲು ಊಟ ಅಂತೆ.)

ಅಕ್ಟೋಬರ್ 19, ಭಾನುವಾರ

ಇಡೀ ಸಾಲ್ಮನ್ ಊರಿಗೆ ಗೊತ್ತಾಗಿದೆ. ನಾನು ಗುರಿ ತಪ್ಪಿದೆನಂತೆ!

ಕಾಫಿ ಅಂಗಡಿಗೆ ಕಾಲಿಟ್ಟದ್ದೇ ಡೆಲ್ಬರ್ಟ್ ಶುರುಮಾಡಿದ. ನಮ್ಮ ಬೇಲಿಯಾಚೆಯವನು, ಅಪ್ಪನ ಓರಗೆ, ಬಾಯಿಗೆ ಬೀಗವಿಲ್ಲ. "ಬಾ ಟ್ವೈಲಾ, ಕನ್ನಡಕ ಕೊಡಿಸಲಾ? ನೂರೆಂಬತ್ತು ಗಜದಲ್ಲಿ ಹಸು ನಿಂತ ಹಾಗೆ ನಿಂತಿತ್ತಂತಲ್ಲ!"

ಹೇಳಿದ್ದು ಯಾರು ಎಂದು ಕೇಳಬೇಕಿರಲಿಲ್ಲ. ಅಪ್ಪ ಕಿಟಕಿಯಾಚೆ ನೋಡುತ್ತ ಕಾಫಿಗೆ ಸಕ್ಕರೆ ಕಲಕುತ್ತಿದ್ದ. ಕಾಫಿಗೆ ಸಕ್ಕರೆ ಹಾಕುವವನೇ ಅಲ್ಲ.

ಅಕ್ಟೋಬರ್ 22

ಮೇಕೆಗೆ ಚುಚ್ಚುಮದ್ದು ಹಾಕಿಸಲು ಬಂದ ಹೆಂಗಸೂ ಕೇಳಿದಳು. ಸೂಜಿ ಸರಿಯಾದ ಜಾಗಕ್ಕೆ ಚುಚ್ಚುತ್ತೀಯಾ ಅಂತ. ಹಲ್ಲು ಕಚ್ಚಿ ನಕ್ಕೆ.

ನಿಜ ಹೇಳಿಬಿಡಬಹುದು. ಒಂದೇ ವಾಕ್ಯ. ಆಮೇಲೆ ಅಪ್ಪ ಆ ಅಂಗಡಿಯ ಬಾಗಿಲು ಹೇಗೆ ದಾಟುತ್ತಾನೆ... ಹೇಳಲಿಲ್ಲ. ಆದರೆ ಮೂರು ದಿನದಿಂದ ಅವನ ಫೋನೂ ಎತ್ತಿಲ್ಲ.

ಅಕ್ಟೋಬರ್ 25, ಶನಿವಾರ

ಇದನ್ನು ಆದದ್ದು ಆದ ಹಾಗೇ ಬರೆಯಬೇಕು.

ಕಾಫಿ ಅಂಗಡಿಯಲ್ಲಿ ಡೆಲ್ಬರ್ಟ್ ಮತ್ತೆ ಆ ಮಾತು ಎತ್ತಿದ. ಈ ಸಲ ಕಾಗದದಲ್ಲಿ ಎಲ್ಕ್ ಬರೆದು ಗೋಡೆಗೆ ಅಂಟಿಸಿದ್ದ. ಅಭ್ಯಾಸ ಮಾಡಿಕೋ ಎಂದು ನನ್ನ ಕೈಗೆ ಬಾಣದ ಆಟಿಕೆ ಕೊಟ್ಟ. ಎಲ್ಲರೂ ನಕ್ಕರು. ಅಪ್ಪ ಲೋಟ ಕೆಳಗಿಟ್ಟ.

"ಅವಳು ತಪ್ಪಲಿಲ್ಲ ಡೆಲ್. ಹೊಡೀಲೇ ಇಲ್ಲ. ನಾನು ಹೊದಿಕೆ ಮನೇಲಿ ಬಿಟ್ಟು ಹೋಗಿದ್ದೆ. ಹೊರೋಕೆ ಆಗಲ್ಲ ಅಂತ. ಬೆಳಿಗ್ಗೆ ಹೆಪ್ಪುಗಟ್ಟಿ ಕೂತಿದ್ದೆ. ನನ್ನ ಕೆಳಗಿಳಿಸಬೇಕಾಗಿತ್ತು ಅಂತ ಅದನ್ನ ಬಿಟ್ಟಳು. ಆಮೇಲೆ ನಾನು ಸುಳ್ಳು ಹೇಳಿದೆ."

ಯಾರೂ ನಗಲಿಲ್ಲ. ಡೆಲ್ಬರ್ಟ್ ಎದ್ದು ಆ ಕಾಗದ ಕಿತ್ತ. ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಅಂದ, "ಸೀಸನ್ ಇನ್ನೂ ಆರು ದಿನ ಇದೆ. ನನ್ನ ಎರಡು ಕುದುರೆ ಸುಮ್ನೆ ಮೇಯ್ತಿವೆ. ಟ್ವೈಲಾ ಬರೋದಾದ್ರೆ ನಾನೂ ಬರ್ತೀನಿ."

ಟ್ರಕ್ಕಿನಲ್ಲಿ ಅಪ್ಪನನ್ನು ಕೇಳಿದೆ, ನಾನು ಗುರಿ ತಪ್ಪಿದೆ ಅಂತ ಯಾಕೆ ಹೇಳಿಕೊಂಡು ತಿರುಗಿದೆ ಎಂದು.

"ನೀನು ಗುರಿ ತಪ್ಪಿದೆ ಅಂದ್ರೆ ನಾಲ್ಕು ದಿನ ನಗ್ತಾರೆ. ನನ್ನ ಕೈಲಿ ಇನ್ನು ಆಗಲ್ಲ ಅಂದ್ರೆ ಯಾರೂ ನಗಲ್ಲ ಟ್ವೈಲಾ. ಅದು ಕಷ್ಟ."

ಬೈಯಲು ಇಟ್ಟುಕೊಂಡಿದ್ದ ಮಾತನ್ನೆಲ್ಲ ಬಿಟ್ಟು ಟ್ರಕ್ ಶುರುಮಾಡಿದೆ. ಅದಕ್ಕೂ ಸಿಟ್ಟು ಬಂತು.

"ಈ ಸಲ ನಾನು ಬರಲ್ಲ. ಹಾದಿ ಶುರುವಾಗೋ ಕಡೆ ಟ್ರಕ್ಕಲ್ಲಿ ಕಾಯ್ತೀನಿ," ಅಂದ.

ಅಕ್ಟೋಬರ್ 28, ಬೆಳಿಗ್ಗೆ 4.40

ಹೊರಟಿದ್ದೇವೆ. ಅಂದರೆ ಹೊರಡಬೇಕು. ಅಪ್ಪ ಬಿಡಬೇಕಲ್ಲ! ಡೆಲ್ಬರ್ಟ್ ಗಾಡಿಗೆ ಕುದುರೆ ಹತ್ತಿಸಿಕೊಂಡು ಹೊರಗೆ ಕಾಯುತ್ತಿದ್ದಾನೆ. ಇವನು ನನ್ನ ಚೀಲ ಬಿಚ್ಚಿ ಕಾಲುಚೀಲ ಎಣಿಸುತ್ತಿದ್ದಾನೆ. ಎರಡು ಜೊತೆ ಸಾಲದಂತೆ, ನಾಲ್ಕು ಬೇಕಂತೆ. ಭಾರ ಅಂದೆ. ನಿನಗೇನು ಭಾರ, ಕುದುರೆಗೆ ತಾನೇ ಅಂದ. ಎರಡನೇ ತೊರೆ ದಾಟುವಾಗ ಎಡಗಡೆಯ ಕಲ್ಲು ಜಾರುತ್ತದೆ, ಅದರ ಮೇಲೆ ಕುದುರೆ ಹೊಡೆಯಬೇಡ, ಬಲಕ್ಕೆ ಸುತ್ತು ಹಾಕು. ನಿನ್ನೆಯಿಂದ ಇದು ಐದನೇ ಸಲ. ಗೊತ್ತು ಅಪ್ಪ, ಗೊತ್ತು, ಹನ್ನೆರಡು ವರ್ಷದವಳಿದ್ದಾಗಿಂದ ದಾಟಿದ್ದೇನೆ ಅಂದುಬಿಟ್ಟೆ. ಕಾಲುಚೀಲ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಾನೆ.

ಡೆಲ್ಬರ್ಟ್ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ.

ಎರಡನೇ ತೊರೆಯಲ್ಲಿ ಯಾವ ಕಡೆ ಅಂದೆ ಅಪ್ಪ, ಇನ್ನೊಮ್ಮೆ ಹೇಳು ಅಂತ ಕೇಳಿದೆ. ಪಕ್ಕದಲ್ಲಿ ಕೂತ. ಮೊದಲಿನಿಂದ ಶುರುಮಾಡಿದ್ದಾನೆ, ಟ್ರಕ್ ನಿಲ್ಲಿಸುವ ಜಾಗದಿಂದ, ಮೊದಲ ತಿರುವು, ಅಲ್ಲಿ ಬಿದ್ದ ಮರ, ಆಮೇಲೆ—