ಗುಬ್ಬಿ ಜೋಡಿಸಿದ ಎರಡು ಪದ

ಮಾವ,

ಆಸ್ಪತ್ರೆಯಲ್ಲಿ ಇವತ್ತು ನನಗೆ ಬೆಳಗಿನ ಪಾಳಿ, ಅದಕ್ಕೇ ನಿಮ್ಮನ್ನು ಎಬ್ಬಿಸದೆ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ. ನಿಮ್ಮ ಬಿ.ಪಿ. ಮಾತ್ರೆ ನೀರಿನ ಲೋಟದ ಪಕ್ಕದಲ್ಲಿದೆ, ಆಮೇಲೆ ನುಂಗಿದರಾಯಿತು ಅಂತ ಮರೆಯಬೇಡಿ.

ನಿನ್ನೆಯ ಮಾತಿಗೆ ಕ್ಷಮಿಸಿ. ಪಕ್ಕದ ಮನೆಯ ಮಗು ಇಪ್ಪತ್ತರವರೆಗೆ ಎಣಿಸಿದ್ದು ಕೇಳಿ ನನಗೆ ತಳಮಳ ಶುರುವಾಯಿತು. ಅದೇ ವಯಸ್ಸಿನ ನಮ್ಮ ಗುಬ್ಬಿ ಎರಡು ವರ್ಷವಾದರೂ ಇನ್ನೂ ಒಂದೊಂದೇ ಪದದಲ್ಲಿದ್ದಾಳಲ್ಲ ಎಂಬ ಭಯ ಸಿಟ್ಟಾಗಿ ನಿಮ್ಮ ಮೇಲೆ ಬಿತ್ತು. "ದಿನವಿಡೀ ಜೊತೆಗಿರ್ತೀರ, ನಾಲ್ಕು ಮಾತು ಕಲಿಸೋಕಾಗಲ್ವಾ?" ಅಂದುಬಿಟ್ಟೆ. ನೀವು ಅವಳ ಬಟ್ಟೆ ಮಡಚುತ್ತ ಕೂತಿರಿ.

ಇವತ್ತು ನಾನು ಚಪ್ಪಲಿ ಹುಡುಕುತ್ತ ಸದ್ದು ಮಾಡಿದ್ದಕ್ಕೆ ಅವಳಿಗೆ ಎಚ್ಚರವಾಯಿತು. ನಿಮ್ಮ ಕಾಲಿನಿಂದ ಜಾರಿದ್ದ ಹೊದಿಕೆಯನ್ನು ಎಳೆದೆಳೆದು ಹೊದಿಸಿದಳು. ಆಮೇಲೆ ತುಟಿಗೆ ಬೆರಳಿಟ್ಟು ನನ್ನನ್ನೇ ಗದರಿದಳು: "ಶ್! ತಾತ ತಾಚಿ!"

ಅವಳು ಜೋಡಿಸಿ ಆಡಿದ ಮೊದಲ ಎರಡು ಪದ, ಮಾವ! ನಿಮಗೆ ಹೇಳೋಣವೆಂದರೆ ಹತ್ತಿರ ಬರಲೂ ಬಿಡಲಿಲ್ಲ. ಮತ್ತೆ ನಿಮ್ಮ ಪಕ್ಕದಲ್ಲೇ ನಿದ್ದೆಹೋಗಿದ್ದಾಳೆ.

ಹಾಗೆ ಹೊದಿಸುವುದನ್ನು ಅವಳು ಕಲಿತದ್ದು ನಿಮ್ಮಿಂದಲೇ, ನನಗೆ ಗೊತ್ತು. ನೀವಿದ್ದೀರೆಂಬ ಧೈರ್ಯದಲ್ಲೇ ನಾನು ದಿನಾ ನಿಶ್ಚಿಂತೆಯಾಗಿ ಬಾಗಿಲು ಎಳೆದುಕೊಂಡು ಹೋಗುತ್ತೇನೆ. ಒಂದು ದಿನವೂ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಮೂರು ಗಂಟೆಗೆ ಬರುತ್ತೇನೆ. ಅಲ್ಲಿಯವರೆಗೆ ಅವಳಿಗೆ ಏನೂ ಕಲಿಸಬೇಡಿ. ದಿನಾ ಇರುವ ಹಾಗೆ ಅವಳ ಜೊತೆ ಇರಿ, ಅಷ್ಟು ಸಾಕು.

ನಿಮ್ಮ ಸೊಸೆ