ಕೊನೆಯ ಆರು ಪುಟ

ಫೆ. 3, ಸೋಮವಾರ

ನಮ್ಮ ಡಿಟಿಪಿ ಅಂಗಡಿಗೆ ಮತ್ತೊಬ್ಬ ಕವಿ. ನಿವೃತ್ತ ಇಂಜಿನಿಯರ್. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಯೂನಿಕೋಡ್‌ಗೆ ತಂದರೆ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಮಧ್ಯಾಹ್ನದವರೆಗೂ ಹೆಕ್ಕಿದ್ದೇ ಆಯಿತು. ಮುಖಪುಟಕ್ಕೆ ಸೂರ್ಯೋದಯ ಬೇಕಂತೆ. ಎಲ್ಲರಿಗೂ ಸೂರ್ಯೋದಯವೇ ಬೇಕು.

ಸಂಜೆ ಹರಿಹರದಿಂದ ಅಪ್ಪಾಜಿ ಫೋನ್. ಮದುವೆಯಾಗಿ ಐವತ್ತು ವರ್ಷ, ಮುಂದಿನ ತಿಂಗಳು ಕಾರ್ಯಕ್ರಮ. ಅಮ್ಮನ ಕವಿತೆಗಳ ಪುಸ್ತಕ ಮಾಡಿ ಬಂದವರಿಗೆ ಹಂಚೋಣ, ನೀನೇ ರೆಡಿ ಮಾಡು ಮಗಳೇ ಅಂದರು. ನಂಬಲಾಗಲಿಲ್ಲ. ಅಮ್ಮ ಬರೆಯುವುದಕ್ಕೆ "ಗೀಚೋದು" ಎನ್ನುತ್ತಿದ್ದ ಮನುಷ್ಯ. ಅಳು ಬಂತು. ಪಕ್ಕದ ಸಿಸ್ಟಂನ ಗುಲ್ನಾಜ್ ಏನಾಯ್ತು ಅಂತ ಕೇಳಿದಳು. ಕಣ್ಣಿಗೆ ಧೂಳು ಅಂದೆ.

ಫೆ. 12

ಅಮ್ಮನದು ಟೈಪ್ ಮುಗಿಯಿತು. ಹೊಳೆ, ಹಬ್ಬ, ದೇವರು... ಚೆನ್ನಾಗಿವೆ, ಅಷ್ಟೆ. ಕೊನೆಯ ಆರು ಬೇರೆಯೇ.

ಮದುವೆಯಾದ ವರ್ಷ ಅಮ್ಮನಿಗೆ ಕೊಕ್ಕನೂರು ಶಾಲೆಗೆ ಟೀಚರ್ ಆರ್ಡರ್ ಬಂದಿತ್ತು. ಅಡತಿ ಅಂಗಡಿ ಮನೆತನದ ಸೊಸೆ ದಿನಾ ಬಸ್ಸು ಹತ್ತುವುದು ಬೇಡ ಅಂತ ಅಪ್ಪಾಜಿ ಕಳಿಸಲಿಲ್ಲ. ಇಷ್ಟು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು — ಆಕೆ ಇಷ್ಟು ವರ್ಷವೂ ಆ ಶಾಲೆಗೆ ಹೋಗುತ್ತಲೇ ಇದ್ದಾಳೆ. ಒಂದು ಕವಿತೆಯಲ್ಲಿ ಹಾಜರಿ ಕರೆಯುತ್ತಾಳೆ. ಒಂದರಲ್ಲಿ ಮಗ್ಗಿ ಬಾರದ ಹುಡುಗಿಗೆ ಹೊಡೆದು, ಮನೆಗೆ ಬಂದು ಊಟ ಬಿಡುತ್ತಾಳೆ. ಕೊನೆಯದರಲ್ಲಿ ನಿವೃತ್ತಿ. ಮಕ್ಕಳು ಹಾರ ಹಾಕುತ್ತಾರೆ.

ಇವೇ ಪುಸ್ತಕ. ಮಿಕ್ಕಿದ್ದು ಬರೀ ಪುಟ.

ಫೆ. 20

ಪ್ರೂಫ್ ಹಿಡಿದು ಹರಿಹರಕ್ಕೆ ಹೋದೆ. ಅಪ್ಪಾಜಿ ಕನ್ನಡಕ ಹಾಕಿ ಪೂರಾ ಓದಿದರು. ಆ ಆರಕ್ಕೂ ಕೆಂಪು ಪೆನ್ನಿನ ಗೀಟು.

"ಇವು ಬ್ಯಾಡ. ಬಂದ ಮಂದಿ ಏನಂತಾರೆ? ನಾನೇ ಕಟ್ಟಿ ಹಾಕಿದ್ದೆ ಅಂದಂಗಾತು."

ಕಟ್ಟಿ ಹಾಕಿದ್ದು ಹೌದಲ್ಲ ಅನ್ನಬೇಕಿತ್ತು. ನನ್ನ ತಲೆ ನರೆತರೂ ಅವರೆಂದರೆ ಹೆದರಿಕೆ.

ಪ್ರೆಸ್‌ನವರು ಹದಿನಾರು ಪುಟದ ಫಾರಂ ಲೆಕ್ಕದಲ್ಲೇ ಮುದ್ರಿಸುವುದು, ಕಿತ್ತರೆ ಕೊನೆಗೆ ಆರು ಪುಟ ಖಾಲಿ ಉಳಿಯುತ್ತವೆ ಅಂದೆ. ಆ ನೆಪಕ್ಕಾದರೂ ಕವಿತೆ ಉಳಿಸಿಯಾರು ಅಂತ. ಅಲ್ಲಿ ನನ್ನ ಫೋಟೋ ಹಾಕು ಅಂದರು. ಅಂಗಡಿ ಪೂಜೆಯದು, ವರ್ತಕರ ಸಂಘದ ಸನ್ಮಾನದ್ದು. ಲಕೋಟೆ ಮೊದಲೇ ಸಿದ್ಧವಿತ್ತು.

ಅಡುಗೆಮನೆಗೆ ಹೋದೆ. ಫೈಲ್ ನನ್ನ ಕೈಯಲ್ಲಿದೆ, ನೀನು ಹೂಂ ಅನ್ನು, ಆರನ್ನೂ ಹಾಗೇ ಕಳಿಸುತ್ತೇನೆ, ಅಚ್ಚಾದ ಮೇಲೆ ಯಾರೇನು ಮಾಡುತ್ತಾರೆ ಅಂದೆ. ಅಮ್ಮ ರೊಟ್ಟಿ ತಿರುವಿ ಹಾಕಿದಳು.

"ನೀನು ಪುಸ್ತಕ ಕೊಟ್ಟು ದಾವಣಗೆರೆ ಬಸ್ ಹತ್ತೀ. ಅವರ ಜೊತಿ ಮನ್ಯಾಗ ಇರೋಳು ನಾನು."

ರೊಟ್ಟಿ ಇಳಿಸಿ ತಾನೇ ಅಂದಳು — "ಫೋಟೋನೂ ಬ್ಯಾಡ. ಖಾಲಿ ಬಿಡು."

ಮಾ. 1

ಪಿಡಿಎಫ್ ಪ್ರೆಸ್‌ಗೆ ಹೋಯಿತು. ಆರು ಪುಟ ಖಾಲಿ. ಗುಲ್ನಾಜ್ ನೋಡಿ, ಅಲ್ಲಿ ಹೂವಿನ ಚಿತ್ರವಾದರೂ ಹಾಕಬಾರದಾ ಅಂದಳು. ಸಿಡುಕಿದೆ. ಪಾಪ, ಅವಳದೇನು ತಪ್ಪು.

ಮಾ. 9, ಭಾನುವಾರ

ಕಾರ್ಯಕ್ರಮ ಮುಗಿಯಿತು. ನನ್ನ ಹೆಂಡತಿಗೆ ಬರೆಯಲು ಪೂರಾ ಸ್ವಾತಂತ್ರ್ಯ ಕೊಟ್ಟಿದ್ದೆ ಅಂತ ಅಪ್ಪಾಜಿ ಮೈಕಿನಲ್ಲಿ ಹೇಳಿದರು. ಚಪ್ಪಾಳೆ. ನಾನೂ ತಟ್ಟಿದೆ, ಥೂ.

ಊಟದ ಪಂಕ್ತಿಯಲ್ಲಿ ಬೀಗರೊಬ್ಬರು ಪುಸ್ತಕವನ್ನು ಹಿಂದಿನಿಂದ ತೆರೆದರು. ಇಲ್ಲಿ ಅಚ್ಚೇ ಬಿದ್ದಿಲ್ಲವಲ್ಲ ಅಂದರು. ಅಪ್ಪಾಜಿ ಇಸಿದುಕೊಂಡು ನೋಡಿದರು. ಮುಖ ಕಪ್ಪಿಟ್ಟಿತು. ಫೋಟೋ ಎಲ್ಲಿ ಅಂತ ಎಲ್ಲರೆದುರೇ ನನ್ನನ್ನು ಕೇಳಿದರು.

ಅಮ್ಮನ ಕಡೆ ನೋಡಿದೆ. ನಿಜ ಹೇಳಲಿ ಅಂತಲ್ಲ. ಸುಮ್ಮನಿದ್ದಿದ್ದರೆ ಸಾಕಿತ್ತು, ಸೇರಿಸಲು ಮರೆತೆ ಅಂತ ನಾನೇ ಅನ್ನುವವಳಿದ್ದೆ. ಅಷ್ಟರಲ್ಲಿ ಅವಳೇ ಅಂದಳು.

"ಇವಳು ಮೊದ್ಲಿಂದ ಹಿಂಗೇ ರೀ. ಕೊಟ್ಟ ಕೆಲಸ ನೆಟ್ಟಗ ಮಾಡೋಳಲ್ಲ."

ಎಂಥ ದನಿ ಅದು. ಗಟ್ಟಿ, ಸ್ಪಷ್ಟ, ಹಿಂದಿನ ಸಾಲಿನವರೆಗೂ ಕೇಳುವಂಥದ್ದು. ಟೀಚರ್ ದನಿ. ಅವಳ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು, ಅದೂ ನನ್ನನ್ನು ಬೈಯಲಿಕ್ಕೆ. ಎಲ್ಲರೂ ನಕ್ಕರು. ಅಪ್ಪಾಜಿ ತಣ್ಣಗಾದರು. ಪಾಯಸ ಬಂತು.

ಬಸ್ಸಿನುದ್ದಕ್ಕೂ ಅದೇ ದನಿ ಕಿವಿಯಲ್ಲಿ. ಅವಳು ಆ ಮನೆಯಲ್ಲಿರಬೇಕು. ಗೊತ್ತು. ಗೊತ್ತಿದ್ದೂ ಮನಸ್ಸು ಉರಿಯುತ್ತದೆ.

ಈಗ ಫೋನ್. ಅಮ್ಮ. ಎತ್ತಲಿಲ್ಲ. ಮತ್ತೆ ಬಡಿದುಕೊಳ್ಳುತ್ತಿದೆ. ಅಪ್ಪಾಜಿ ಪಕ್ಕ ಕೂತು ಮಾಡಿಸುತ್ತಿದ್ದಾರೋ, ಇಲ್ಲ ಅವಳೇ ತಾನಾಗಿ ಮಾಡುತ್ತಿದ್ದಾಳೋ—